ಹೆಸರು ಬರೆದ ಡಬ್ಬಿ

ತಕ್ಕಡಿಯ ಮೇಲೆ ಮಲಗಿಸಿದರೂ ಮಗು ಅಳಲಿಲ್ಲ. ತಾಯಿ ಮಾರಿತ್‌ಗೆ ಭಯ ಹುಟ್ಟಿದ್ದು ಅದರಿಂದಲೇ. ಒಂಬತ್ತು ದಿನದ ಕೂಸಿನ ಬಟ್ಟೆ ಬಿಚ್ಚಿ, ಅಕ್ಟೋಬರ್ ಬೆಳಗಿನ ಚಳಿಯಲ್ಲಿ ತಣ್ಣನೆಯ ತಟ್ಟೆಯ ಮೇಲೆ ಹಾಕಿದರೆ ಅದು ಬೀದಿಗೆಲ್ಲ ಕೇಳುವ ಹಾಗೆ ಕಿರುಚಬೇಕು. ಮಗು ಸಿಗ್ನೆ ಮಾತ್ರ ತುಟಿಯನ್ನು ಕೊಂಚ ಸೊಟ್ಟ ಮಾಡಿದಳು, ಎರಡೂ ಕೈಗಳನ್ನು ಒಮ್ಮೆ ಅಗಲಿಸಿದಳು, ಮತ್ತೆ ನಿದ್ದೆಗೆ ಜಾರಿದಳು. ತಕ್ಕಡಿಯ ಗಾಜಿನ ಹಿಂದೆ ಅಂಕಿಗಳು ಕುಣಿದು ಕುಣಿದು ನಿಂತವು. ಆರು ಪೌಂಡು ಮೂರು ಔನ್ಸು. ಹುಟ್ಟಿದಾಗ ಏಳು ಪೌಂಡು ನಾಲ್ಕು ಔನ್ಸು ಇದ್ದ ಮಗು.

ಮಾರಿತ್ ಮಗುವನ್ನು ಟವೆಲಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಅಡುಗೆಮನೆಯ ಕಪಾಟಿನಿಂದ ಐದು ಪೌಂಡಿನ ಸಕ್ಕರೆ ಪೊಟ್ಟಣ ತಂದಳು. ಊರಿನ ಕಾರ್ಖಾನೆಯದೇ ಸಕ್ಕರೆ. ತಕ್ಕಡಿಯ ಮೇಲಿಟ್ಟರೆ ಸರಿಯಾಗಿ ಐದು ಪೌಂಡು ತೋರಿಸಿತು. ಪೊಟ್ಟಣವನ್ನು ತಿರುಗಿಸಿ ಇಟ್ಟಳು. ಆಗಲೂ ಐದೇ. ತಕ್ಕಡಿಯಲ್ಲಿ ತಪ್ಪು ಹುಡುಕಲು ಇನ್ನೇನೂ ಉಳಿದಿರಲಿಲ್ಲ.

ಅವಳು ಡಾಕ್ಟರ ಆಫೀಸಿಗೆ ಫೋನ್ ಮಾಡಿದಳು.

"ಎಷ್ಟು ಬಂತು ನರ್ಸಮ್ಮ ಇವತ್ತು?" ಅಲ್ಲಿನ ಹುಡುಗಿ ಕೇಳಿದಳು.

"ಆರು ಪೌಂಡು ಹದಿನಾಲ್ಕು ಔನ್ಸು."

"ಅಬ್ಬಾ, ಏರ್ತಾ ಇದೆ! ನೀವಿರುವಾಗ ಏರದೆ ಏನು ಮಾಡುತ್ತೆ. ಬರ್ಕೊಂಡೆ."

ಬೇರೆ ಬಾಣಂತಿಯರು ತೂಕ ಮಾಡಿಸಲು ಮಗುವನ್ನು ಎತ್ತಿಕೊಂಡು ಅಲ್ಲಿಗೇ ಹೋಗಬೇಕು. ಮಾರಿತ್‌ಗೆ ಮಾತ್ರ ಡಾಕ್ಟರು, "ನಿಮಗೆ ನಾನೇನು ಹೇಳೋದು? ಮನೇಲೇ ತೂಗಿ ದಿನಾ ಫೋನ್ ಮಾಡಿ" ಅಂದಿದ್ದರು. ಹದಿನಾರು ವರ್ಷ ಕೌಂಟಿಯ ನರ್ಸಾಗಿ ದುಡಿದದ್ದಕ್ಕೆ ಕೊಟ್ಟ ಮರ್ಯಾದೆ ಅದು. ಮೊದಲ ಸುಳ್ಳು ಐದನೆಯ ದಿನ ಹೇಳಿದ್ದು, ಬರೀ ಎರಡು ಔನ್ಸಿನದು. ನಾಳೆ ಹೇಗೂ ಅಷ್ಟು ಏರುತ್ತದಲ್ಲ ಅಂದುಕೊಂಡಿದ್ದಳು. ಏರಲಿಲ್ಲ. ಈಗ ಸುಳ್ಳು ಹನ್ನೊಂದು ಔನ್ಸಿಗೆ ಬಂದು ನಿಂತಿತ್ತು.

ಬಿಚ್ಚಿದ ಡೈಪರಿನಲ್ಲಿ ಇಟ್ಟಿಗೆ ಪುಡಿಯ ಬಣ್ಣದ ಕಲೆ. ಮಗುವಿಗೆ ಹೊಟ್ಟೆಗೆ ಸಾಲದಿದ್ದರೆ ಮೂತ್ರ ಹೀಗೆ ಕೆಂಪಗಾಗುತ್ತದೆ. ಎಷ್ಟು ತಾಯಂದಿರಿಗೆ ಚಿತ್ರ ತೋರಿಸಿ ಹೇಳಿಕೊಟ್ಟಿದ್ದಳು ಅವಳು! ಆ ಡೈಪರನ್ನು ಸುರುಳಿ ಸುತ್ತಿ, ಹಳೆಯ ಪೇಪರಿನಲ್ಲಿ ಕಟ್ಟಿ, ಕಸದ ಬುಟ್ಟಿಯ ತಳಕ್ಕೆ ತುರುಕಿದಳು. ಮೇಲೆ ಕಾಫಿ ಚರಟ ಸುರಿದಳು. ಕೈ ತೊಳೆದುಕೊಳ್ಳುವಾಗ ಕನ್ನಡಿ ನೋಡಲಿಲ್ಲ.

ಹನ್ನೊಂದಕ್ಕೆ ಗಂಡ ಲೈಲ್ ಕೆಲಸಕ್ಕೆ ಹೊರಟ. ಸಕ್ಕರೆ ಬೀಟ್‌ರೂಟ್ ಕೀಳುವ ಕಾಲ, ಹನ್ನೆರಡು ಗಂಟೆಯ ಪಾಳಿ. ಈ ಮೂರು ವಾರ ನಮ್ಮ ನೋರ್ಡಾಲ್ ಊರಿನ ಗಂಡಸರು ಲಾರಿಯಲ್ಲೇ ಉಂಡು ಲಾರಿಯಲ್ಲೇ ಬೈದಾಡಿಕೊಂಡು ಬದುಕುತ್ತಾರೆ. ಅವನು ಬೂಟಿನ ದಾರ ಕಟ್ಟಿ, ಮಗುವಿನ ಕಡೆ ಬಾಗಿದ.

"ತೂಕ ಎಷ್ಟಾಯ್ತು?"

"ಆರು ಹದಿನಾಲ್ಕು."

"ಯಾಕೋ ಎತ್ಕೊಂಡ್ರೆ ಹಗುರ ಅನ್ಸುತ್ತಪ್ಪ ನಂಗೆ."

"ನಿಂಗೆ ಬೀಟ್‌ರೂಟ್ ಎತ್ತಿ ಅಭ್ಯಾಸ."

"ಅದೂ ನಿಜ ಅನ್ನು." ಲೈಲ್ ನಕ್ಕ. "ಊರ ಮಕ್ಕಳನ್ನೆಲ್ಲ ದಡ ಮುಟ್ಟಿಸಿದವಳು ನೀನು. ನಂಗ್ಯಾಕೆ ಚಿಂತೆ." ಅವನು ಹೋದ ಮೇಲೂ ಆ ಮಾತು ಅಡುಗೆಮನೆಯಲ್ಲೇ ಉಳಿಯಿತು. ಅವನು ಬೈದಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲವೇನೋ.

ಮಾರಿತ್ ಎಂಥವಳು ಎಂದು ಹೇಳಬೇಕು. ಪ್ರತಿ ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಬಸುರಿ ಬಾಣಂತಿಯರನ್ನು ಕೂರಿಸಿಕೊಂಡು ಎದೆಹಾಲಿನ ಪಾಠ ಹೇಳುತ್ತಿದ್ದವಳು ಅವಳು. ಮಗುವನ್ನು ಹೇಗೆ ಹಿಡಿಯಬೇಕು, ಮೊಲೆತೊಟ್ಟು ಒಡೆದರೆ ಏನು ಹಚ್ಚಬೇಕು, ಎಲ್ಲ ಕೈಯಾರೆ ತೋರಿಸುತ್ತಿದ್ದಳು. ಅವಳಿಂದ ಉಪಕಾರವಾದವರು ಊರಲ್ಲಿ ಬೇಕಾದಷ್ಟು ಜನ, ಅದನ್ನು ಇಲ್ಲವೆನ್ನಲಾಗದು. ಆದರೆ ಒಂದು ಮಾತು ಅವಳ ಬಾಯಲ್ಲಿ ಸದಾ ಇರುತ್ತಿತ್ತು: "ಹಾಲು ಬರದ ತಾಯಿ ಅಂತ ಇಲ್ಲ. ಹಟ ಸಾಲದ ತಾಯಿ ಇದಾಳೆ." ಕೇಳಿದವರು ತಲೆ ತಗ್ಗಿಸುತ್ತಿದ್ದರು.

ಬಾಗಿಲ ಬಳಿ ಒಂದು ರಟ್ಟಿನ ಪೆಟ್ಟಿಗೆ ಇರುತ್ತಿತ್ತು. ಹಾಲುಪುಡಿ ಕಂಪನಿಯವರು ಬಸುರಿಯರ ವಿಳಾಸ ಅದೆಲ್ಲಿಂದ ಪತ್ತೆ ಹಚ್ಚುತ್ತಾರೋ, ದಿನ ತುಂಬುವ ಹೊತ್ತಿಗೆ ಎಲ್ಲರ ಮನೆಗೂ ಪುಕ್ಕಟೆ ಡಬ್ಬಿಯೊಂದು ಅಂಚೆಯಲ್ಲಿ ಬರುತ್ತದೆ. ಹೊಸದಾಗಿ ಸೇರಿದವಳು ಆ ಡಬ್ಬಿಯನ್ನು ತಂದು, ಅದರ ಮೇಲೆ ದಪ್ಪ ಪೆನ್ನಿನಲ್ಲಿ ತನ್ನ ಹೆಸರು ಬರೆದು, ಎಲ್ಲರ ಮುಂದೆ ಪೆಟ್ಟಿಗೆಗೆ ಹಾಕಬೇಕು. ಎಲ್ಲರೂ ಚಪ್ಪಾಳೆ ತಟ್ಟಬೇಕು. ಇದು ಮಾರಿತ್ ಕಟ್ಟಿದ ಪದ್ಧತಿ. ಡಬ್ಬಿಗಳನ್ನು ಬಡವರಿಗೆ ದವಸ ಹಂಚುವ ದಾಸ್ತಾನಿಗೆ ಕೊಡೋಣ ಎಂದು ಯಾರೋ ಹೇಳಿದ್ದಕ್ಕೆ, "ಬಡವರೇನು ತಾಯಂದಿರಲ್ವಾ?" ಎಂದು ಬಾಯಿ ಮುಚ್ಚಿಸಿದ್ದಳು. ಹೀಗಾಗಿ ಡಬ್ಬಿಗಳೆಲ್ಲ ಅವಳ ಮನೆಯ ನೆಲಮಾಳಿಗೆಯಲ್ಲೇ ಸಾಲಾಗಿ ಕೂತಿದ್ದವು.

ಅವಳಿಗೇ ಹೆರಿಗೆಯಾಗಿದ್ದು ಮೂವತ್ತೊಂಬತ್ತಕ್ಕೆ. ರಕ್ತ ಬಹಳ ಹೋಗಿತ್ತು. ಹಾಗಾದಾಗ ಹಾಲು ತಡವಾಗುತ್ತದೆ, ಕೆಲವರಿಗೆ ಬರುವುದೇ ಕಷ್ಟ ಎಂಬುದು ಪುಸ್ತಕದಲ್ಲಿ ಓದಿದ ವಿಷಯ. ಆದರೂ ಆಸ್ಪತ್ರೆಯ ನರ್ಸು ಬಾಟಲಿ ತಂದಾಗ, "ನಾನು ಯಾರು ಅಂತ ಗೊತ್ತಾ ನಿಂಗೆ?" ಎಂದು ಕಳಿಸಿಬಿಟ್ಟಿದ್ದಳು. ಬರುವ ಮಂಗಳವಾರ ಮಗುವನ್ನು ನೋಡಲು ಗುಂಪಿನವರೆಲ್ಲ ಕಾಯುತ್ತಿದ್ದರು. ಕೇಕ್ ಕೂಡ ಹೇಳಿಯಾಗಿತ್ತು.

ಹನ್ನೊಂದೂವರೆಗೆ ಅತ್ತೆ ಆರ್ಡಿಸ್ ಫೋನ್ ಮಾಡಿದಳು. ನಮ್ಮಲ್ಲಿ ಹೆರಿಗೆಯಾದ ಮನೆಯಲ್ಲಿ ಎರಡು ವಾರ ಒಲೆ ಹಚ್ಚುವ ಹಾಗಿಲ್ಲ. ಚರ್ಚಿನ ಬಾಗಿಲಿಗೆ ಪಟ್ಟಿ ಅಂಟಿಸುತ್ತಾರೆ, ದಿನಕ್ಕೊಬ್ಬರು ಹೆಸರು ಬರೆದು ಗಾಜಿನ ಪಾತ್ರೆಯಲ್ಲಿ ಬಿಸಿ ಅಡುಗೆ ತಂದುಕೊಡುತ್ತಾರೆ. ಪಾತ್ರೆ ಯಾರದೆಂದು ತಿಳಿಯಲು ತಳಕ್ಕೆ ಹೆಸರಿನ ಚೀಟಿ. ತಿಂದವರು ಅದನ್ನು ಖಾಲಿ ಹಿಂತಿರುಗಿಸುವ ಹಾಗಿಲ್ಲ, ಏನಾದರೂ ಹಾಕಿಯೇ ಕೊಡಬೇಕು. ಪಟ್ಟಿಯ ಯಜಮಾನಿಕೆ ಆರ್ಡಿಸಳದು.

"ಇವತ್ತಿನ ಊಟ ಡಾರ್ಲಾದು ಕಣೇ. ಹನ್ನೆರಡೂವರೆಗೆ ತರ್ತಾಳಂತೆ."

ಮಾರಿತ್ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಯಾವ ಡಾರ್ಲಾ?"

"ಊರಲ್ಲಿ ಎಷ್ಟು ಡಾರ್ಲಾ ಇದ್ದಾರೆ? ಸ್ಕೂಲು ಅಡುಗೆಮನೇಲಿ ಕೆಲ್ಸ ಮಾಡ್ತಾಳಲ್ಲ, ಆ ಹುಡುಗಿ. ಹೋದ ಜನವರೀಲಿ ಮಗೂನ ಸಾಯೋ ಸ್ಥಿತಿಗೆ ತಂದ್ಕೊಂಡ್ಲಲ್ಲ, ಅವಳು."

"ಅವಳ ಹೆಸರು ಯಾಕೆ ಹಾಕಿದ್ರಿ ಅತ್ತೆ?"

"ನಾನೆಲ್ಲಿ ಹಾಕ್ದೆ? ಅವಳೇ ಬರ್ಕೊಂಡಿದಾಳೆ. ಹೊಡೆದು ಹಾಕೋಕಾಗುತ್ತಾ, ಚರ್ಚಿನ ಪಟ್ಟಿ ಅದು. ಅದ್ಸರಿ, ಮಗು ಕುಡೀತಾ ಇದ್ಯಾ? ನಮ್ಮ ಕಾಲದಲ್ಲಿ ಡಬ್ಬಿ ಹಾಲಿಗೆ ಮೆಕ್ಕೆಜೋಳದ ಪಾಕ ಕಲಸಿ ಕುಡಿಸಿಬಿಡ್ತಿದ್ವಿ. ನಿನ್ನ ಗಂಡನ್ನೇ ನೋಡು, ಬಾಗಿಲಿಗೆ ತಲೆ ತಾಗುತ್ತೆ."

"ಕುಡೀತಾ ಇದೆ ಅತ್ತೆ," ಎಂದು ಮಾರಿತ್ ಫೋನ್ ಇಟ್ಟಳು.

ಡಾರ್ಲಾ. ಜನವರಿಯ ಆ ಶುಕ್ರವಾರ ಮೂರು ದಿನದ ಹಿಮಗಾಳಿಗೆ ರಸ್ತೆ ಮುಚ್ಚಿತ್ತು, ಹಾಲುಪುಡಿ ಸಿಗುವ ಅಂಗಡಿ ಇಪ್ಪತ್ತೆರಡು ಮೈಲಿ ದೂರ. ಎಂಟು ದಿನದ ಬಾಣಂತಿ, ಇಪ್ಪತ್ತೆರಡರ ಹುಡುಗಿ, ಮೊಣಕಾಲುದ್ದದ ಹಿಮದಲ್ಲಿ ನಡೆದುಕೊಂಡು ಇದೇ ಮನೆಯ ಬಾಗಿಲಿಗೆ ಬಂದಿದ್ದಳು. "ನನ್ನ ಡಬ್ಬಿ ಕೊಡಿ, ನರ್ಸಮ್ಮ. ನನ್ನ ಮಗ ವೇಡ್ ಏಳ್ತಾನೇ ಇಲ್ಲ," ಅಂದಿದ್ದಳು. ಮಾರಿತ್ ಹೊಸ್ತಿಲಲ್ಲೇ ನಿಂತು, "ಡಬ್ಬಿ ಕೊಟ್ರೆ ನಿನ್ನ ಹಾಲು ಅಲ್ಲಿಗೇ ಮುಗೀತು ಕಣಮ್ಮ. ಹಟ ಹಿಡಿ. ಹೋಗು, ಎದೆಗೆ ಹಾಕ್ಕೊ," ಎಂದು ಹೇಳಿ, ಮನೆಯ ಬಿಸಿ ಹೊರಗೆ ಹೋಗುತ್ತದೆಂದು ಬಾಗಿಲು ಹಾಕಿಕೊಂಡಿದ್ದಳು. ಭಾನುವಾರ ಮುಂದೆ ಹಿಮ ತಳ್ಳುವ ಗಾಡಿ, ಹಿಂದೆ ಆಂಬುಲೆನ್ಸು. ಚರ್ಚಿನಿಂದ ಹೊರಬರುತ್ತಿದ್ದ ಜನರೆಲ್ಲ ನೋಡಿದರು. ಮಗು ಫಾರ್ಗೋ ನಗರದ ಆಸ್ಪತ್ರೆಯಲ್ಲಿ ಎಂಟು ದಿನವಿದ್ದು ಬದುಕಿತು. ಮಕ್ಕಳ ರಕ್ಷಣಾ ಇಲಾಖೆಯವರು ಡಾರ್ಲಾಳ ಮನೆಗೆ ಬಂದು ಫ್ರಿಜ್ ತೆಗೆದು ನೋಡಿ, ನೂರು ಪ್ರಶ್ನೆ ಕೇಳಿ ಹೋದರು.

ಆಗ ಯಾರೋ ಮಾರಿತ್‌ಳನ್ನು ವಿಚಾರಿಸಿದಾಗ ಅವಳ ಬಾಯಿಂದ ಬಂದ ಮಾತು: "ಪಾಪ, ಮೊದಲೇ ಬಂದು ಒಂದು ಮಾತು ಕೇಳಿದ್ರೆ ಆಗ್ತಿತ್ತು." ಅಷ್ಟೇ. ಊರು ಉಳಿದದ್ದನ್ನು ತಾನೇ ತುಂಬಿಕೊಂಡಿತು. ನಮ್ಮೂರಿನವರು ಯಾರ ಜೊತೆಗೂ ಜಗಳವಾಡುವುದಿಲ್ಲ, ಮಾತಾಡಿಸುವುದನ್ನು ಮೆಲ್ಲಗೆ ಕಮ್ಮಿ ಮಾಡುತ್ತಾರೆ. ಡಾರ್ಲಾ ತಾನು ಬಂದಿದ್ದೆ ಎಂದು ಯಾರಿಗೂ ಹೇಳಲಿಲ್ಲ. ಹೇಳಿದ್ದರೂ ನಂಬುವವರು ಯಾರು?

ಮಾರಿತ್ ಈಗ ಸಿಗ್ನೆಯನ್ನು ಎದೆಗೆ ಹಾಕಿದರೆ ಮಗು ಎರಡು ಸಲ ಚೀಪಿ ನಿದ್ದೆ ಹೋಯಿತು. ಅಂಗಾಲು ತಟ್ಟಿದಳು, ಒದ್ದೆ ಬಟ್ಟೆಯಿಂದ ಹಣೆ ಒರೆಸಿದಳು. ಇಲ್ಲ. ಮಾರಿತ್ ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ ನೆಲಮಾಳಿಗೆಗೆ ಇಳಿದಳು. ಹೊಲಿಗೆ ಇನ್ನೂ ಎಳೆಯುತ್ತಿತ್ತು, ಮೆಟ್ಟಿಲಿಗೊಮ್ಮೆ ಗೋಡೆ ಹಿಡಿದಳು. ಬೀಗದ ಕಪಾಟು ತೆರೆದು, ಅವಧಿ ಮೀರದ ಡಬ್ಬಿ ಹುಡುಕುತ್ತ ಒಂದೊಂದನ್ನೇ ತಿರುಗಿಸಿದಳು. ಮುಗಿದದ್ದು. ಮುಗಿದದ್ದು. ಮುಂದಿನ ಮೇ ತಿಂಗಳವರೆಗೆ ಇರುವುದೊಂದು ಕೈಗೆ ಬಂತು. ತಿರುಗಿಸಿದರೆ ಹಿಂದೆ ದಪ್ಪ ಅಕ್ಷರ, ಬಾಲ ಬಿಟ್ಟ ಮೊದಲಕ್ಷರ: ಡಾರ್ಲಾ.

ಅದನ್ನು ಹಿಂದಕ್ಕಿಟ್ಟು ಬೇರೆಯದಕ್ಕೆ ಕೈ ಹಾಕಿದಳು. ಅದರ ಮೇಲೂ ಒಂದು ಹೆಸರಿತ್ತು, ಅದರ ಪಕ್ಕದ್ದರ ಮೇಲೂ. ಹೆಸರಿಲ್ಲದ ಡಬ್ಬಿ ಒಂದೂ ಇರಲಿಲ್ಲ, ಹಾಗೆ ಮಾಡಿಸಿದವಳು ಅವಳೇ. ಮತ್ತೆ ಮೊದಲಿನದನ್ನೇ ಎತ್ತಿಕೊಂಡು ಮೇಲೆ ಬಂದಳು. ಉಗುರುಬಣ್ಣ ತೆಗೆಯುವ ದ್ರಾವಣ ಹಚ್ಚಿ ಹೆಸರನ್ನು ಉಜ್ಜತೊಡಗಿದಳು. ಕೊನೆಯ ಅಕ್ಷರ ಸ್ವಲ್ಪ ಮಾಸಿತು, ಅಷ್ಟೇ. ಆಗ ಕರೆಗಂಟೆ ಸದ್ದು ಮಾಡಿತು. ಮೇಜಿನ ಕೆಳಗೆ? ಕಪಾಟಿನಲ್ಲಿ ಜಾಗವಿರಲಿಲ್ಲ. ಓವನ್ನಿನ ಬಾಗಿಲು ತೆಗೆದು ಡಬ್ಬಿಯನ್ನು ಒಳಗೆ ತಳ್ಳಿದಳು.

ಬಾಗಿಲಲ್ಲಿ ಡಾರ್ಲಾ. ಕೂದಲಿಗೆ ಇನ್ನೂ ಸ್ಕೂಲಿನ ಅಡುಗೆಯವರು ಹಾಕುವ ಬಲೆ. ಎರಡು ಕೈಯಲ್ಲಿ ಟವೆಲ್ ಸುತ್ತಿದ ಗಾಜಿನ ಪಾತ್ರೆ.

"ಮಾಂಸದ ಮೇಲೆ ಆಲೂಗಡ್ಡೆ ಹಾಕಿರೋದು. ಉಪ್ಪು ಕಮ್ಮಿ ಇದೆ, ಬಾಣಂತಿಗೆ ಅಂತ," ಅಂದಳು. ನಗಲಿಲ್ಲ.

"ಕೊಡು ಕಣಮ್ಮ, ನಾನೇ..."

"ಭಾರ ಎತ್ತಬಾರದು ನೀವು. ನೀವೇ ಹೇಳ್ಕೊಟ್ಟಿದ್ದು." ಅವಳು ಬೂಟು ಬಿಚ್ಚಿ ನೇರ ಅಡುಗೆಮನೆಗೆ ನಡೆದಳು. "ಓವನ್ನಲ್ಲಿ ಸಣ್ಣ ಉರೀಲಿ ಇಟ್ಬಿಡ್ತೀನಿ, ನಿಮಗೆ ಬೇಕಾದಾಗ ಬಿಸಿ ಇರುತ್ತೆ."

"ಬೇಡ, ಹಾಗೇ ಇಡು, ಡಾರ್ಲಾ, ಬೇಡ!"

ಬಾಗಿಲು ತೆರೆದುಕೊಂಡಿತ್ತು. ಡಾರ್ಲಾ ಪಾತ್ರೆ ಹಿಡಿದು ಬಾಗಿದವಳು ಹಾಗೆಯೇ ನಿಂತಳು. ನಂತರ ಪಾತ್ರೆಯನ್ನು ಮೇಜಿನ ಮೇಲಿಟ್ಟು ಒಳಗೆ ಕೈ ಹಾಕಿ ಡಬ್ಬಿಯನ್ನು ತೆಗೆದಳು. ತಿರುಗಿಸಿ ನೋಡಿದಳು. ಅಡುಗೆಮನೆಯಲ್ಲೆಲ್ಲ ದ್ರಾವಣದ ವಾಸನೆ. ಮಾರಿತ್‌ಗೆ ತನ್ನ ಮುಖ, ಕಿವಿ, ಕುತ್ತಿಗೆ ಎಲ್ಲ ಸುಡುವುದು ಗೊತ್ತಾಯಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಇದು ನಂದು," ಡಾರ್ಲಾ ಅಂದಳು.

"ಹೂಂ."

"ಅಳಿಸ್ತಾ ಇದ್ರಾ?"

ಡಾರ್ಲಾ ಬುಟ್ಟಿಯ ಬಳಿ ಹೋಗಿ ಮಗುವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಬೆರಳಿನಿಂದ ಅದರ ಕೆನ್ನೆ ತಟ್ಟಿದಳು, ಗಲ್ಲ ಸವರಿದಳು. ಸಿಗ್ನೆ ಕದಲಲಿಲ್ಲ.

"ತೂಕ ಎಷ್ಟಿದೆ?"

"ಆರು ಹದಿನಾಲ್ಕು."

ಡಾರ್ಲಾ ಮಗುವನ್ನು ಎತ್ತಿ, ಬಟ್ಟೆ ಬಿಚ್ಚಿ ತಕ್ಕಡಿಯ ಮೇಲೆ ಮಲಗಿಸಿದಳು. ಯಾರೂ ಕಲಿಸಬೇಕಾಗಿರಲಿಲ್ಲ, ಫಾರ್ಗೋದಲ್ಲಿ ಎಂಟು ದಿನ ಅದನ್ನೇ ನೋಡಿದ್ದವಳು. ಅಂಕಿ ನಿಂತಿತು. ಡಾರ್ಲಾ ಅದನ್ನೂ ಮಾರಿತ್‌ಳ ಮುಖವನ್ನೂ ನೋಡಿದಳು.

"ಆರು ಮೂರು ಇದು."

"ಗೊತ್ತು."

"ಗೊತ್ತಾ? ಗೊತ್ತಿದ್ದೂ..." ಅವಳ ಸ್ವರ ಏರಿತು. "ನಂಗೆ ಗೊತ್ತಿರ್ಲಿಲ್ಲ ನರ್ಸಮ್ಮ! ನಂಗೆ ತಕ್ಕಡಿ ಇರ್ಲಿಲ್ಲ, ಏನೂ ಇರ್ಲಿಲ್ಲ. ಮಗು ಅಳಲ್ಲ, ಎಷ್ಟು ಒಳ್ಳೇ ಮಗು ಅಂದ್ಕೊಂಡಿದ್ದೆ ನಾನು. ನಿಮಗೆ ಎಲ್ಲಾ ಗೊತ್ತಲ್ಲ!"

"ನಾಚಿಕೆ ಆಯ್ತು ಕಣೆ," ಮಾರಿತ್ ಅಂದಳು. ಸ್ವರ ಅವಳದೇ ಅನ್ನಿಸಲಿಲ್ಲ. "ಡಾಕ್ಟರಿಗೂ ಸುಳ್ಳು ಹೇಳಿದೀನಿ. ಲೈಲ್‌ಗೂ. ನನ್ನ ಕೈಲಿ ಆಗಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು."

"ನಾಚಿಕೆಗೆ ಮಗು ಸಾಯ್ಬೇಕಾ?"

ಡಾರ್ಲಾ ಮಗುವಿಗೆ ಬಟ್ಟೆ ಹೊದಿಸಿ ಮಾರಿತ್‌ಳ ಕೈಗೆ ಕೊಟ್ಟು, ನೀರು ಕಾಯಲಿಟ್ಟಳು. ಬಾಟಲಿ ಎಲ್ಲಿ ಎಂದು ಕೇಳಿದಳು. ಇಲ್ಲ. ಆ ಮನೆಯಲ್ಲಿ ಬಾಟಲಿಯೇ ಇರಲಿಲ್ಲ. "ಸರಿ ಬಿಡಿ," ಎಂದು ಸಣ್ಣ ಬಟ್ಟಲು, ಚಮಚವನ್ನು ನೀರಲ್ಲಿ ಕುದಿಸಿದಳು. ಡಬ್ಬಿಯ ಮುಚ್ಚಳ ಕೀಳಲು ಹೋಗಿ ತಡೆದು ಮಾರಿತ್‌ಳ ಮುಂದೆ ಇಟ್ಟಳು.

"ನೀವೇ ತೆಗೀರಿ."

ಮಾರಿತ್ ಒಂದು ಕೈಯಲ್ಲಿ ಮಗು ಹಿಡಿದು, ಇನ್ನೊಂದು ಕೈಯಿಂದ ತಗಡಿನ ಹಾಳೆಯನ್ನು ಎಳೆದಳು. ಚರ್ ಎಂದು ಸದ್ದಾಯಿತು. ಸಿಹಿ ವಾಸನೆ ಬಂತು. ನೀರು ಆರಲು ಬಿಟ್ಟು, ಅಳೆದು, ಕಲಸಿ, ಚಮಚದ ತುದಿಯನ್ನು ಸಿಗ್ನೆಯ ತುಟಿಗೆ ತಾಗಿಸಿದಳು. ಮೊದಲ ಹನಿ ಗಲ್ಲದ ಮೇಲೆ ಇಳಿಯಿತು. ಎರಡನೆಯದಕ್ಕೆ ನಾಲಗೆ ಹೊರಬಂತು. ಐದನೆಯ ಚಮಚಕ್ಕೆ ಮಗು ಕಣ್ಣು ಬಿಟ್ಟು, ಇದುವರೆಗೆ ಎಲ್ಲಿದ್ದೆ ಎಂಬಂತೆ ಚಮಚವನ್ನೇ ಹುಡುಕಿತು. ಮಾರಿತ್ ಅಳುತ್ತಿದ್ದಳು. ಮೂಗು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಡಾರ್ಲಾ ಒರೆಸಲಿಲ್ಲ.

"ಯಾಕೆ ಬಂದೆ ನೀನು ಇವತ್ತು?" ಮಾರಿತ್ ಕೇಳಿದಳು.

"ನೋಡೋಕೆ. ನಿಮಗೂ ಮಗು ಆಯ್ತಲ್ಲ, ಹೇಗೆ ಮೆರೀತೀರೋ ಅಂತ ನೋಡೋಕೆ ಬಂದೆ." ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಈಗ ಡಾಕ್ಟರಿಗೆ ಫೋನ್ ಮಾಡಿ. ಸರಿಯಾದ ತೂಕ ಹೇಳಿ. ನನ್ನೆದುರಿಗೇ ಹೇಳಿ."

ಮಾರಿತ್ ಫೋನ್ ಮಾಡಿದಳು. ಆರು ಪೌಂಡು ಮೂರು ಔನ್ಸು, ಅಂದಳು. ಅತ್ತ ಹುಡುಗಿ ನಕ್ಕು, "ಬೆಳಿಗ್ಗೆ ಹದಿನಾಲ್ಕು ಅಂದ್ರಲ್ಲ ನರ್ಸಮ್ಮ, ನಾನೇ ತಪ್ಪು ಬರ್ಕೊಂಡ್ನಾ?" ಎಂದು ಕೇಳಿದಳು. ತಪ್ಪಿಸಿಕೊಳ್ಳಲು ಅಷ್ಟು ಅಗಲದ ಬಾಗಿಲು! ಮಾರಿತ್ ಡಾರ್ಲಾಳ ಕಡೆ ನೋಡಿದಳು.

"ಇಲ್ಲ," ಅಂದಳು. "ನಾನು ಸುಳ್ಳು ಹೇಳಿದ್ದು. ಐದು ದಿನದಿಂದ ಹೇಳ್ತಾ ಇದೀನಿ."

ತಕ್ಷಣ ಕರೆತರಲು ಹೇಳಿದರು. ಲೈಲ್‌ನ ಫೋನು ಹೊಲದಲ್ಲಿ ಸಿಗಲಿಲ್ಲ. ಡಾರ್ಲಾ ತನ್ನ ಹಳೆಯ ಕಾರಿನಲ್ಲಿ ಕರೆದೊಯ್ದಳು, ದಾರಿಯುದ್ದಕ್ಕೂ ಬೀಟ್‌ರೂಟ್ ಲಾರಿಗಳ ಹಿಂದೆ. ಮಾರಿತ್ ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಕೂತು ಏನೋ ಹೇಳಲು ಎರಡು ಸಲ ಬಾಯಿ ತೆರೆದಳು. "ಜನವರೀಲಿ..." ಎಂದು ಶುರು ಮಾಡಿದಳು.

"ಈಗ ಬೇಡ. ಹೇಳೋದಿದ್ರೆ ನಂಗೆ ಹೇಳಿ ಏನು ಉಪಯೋಗ?" ಡಾರ್ಲಾ ಕನ್ನಡಿಯಲ್ಲಿ ನೋಡದೆ ಹೇಳಿದಳು. "ನಂಗೆ ಗೊತ್ತಿರೋ ವಿಷ್ಯಾನೇ ಅಲ್ವಾ ಅದು."

ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಸಂಜೆ ಲೈಲ್ ಮಣ್ಣಿನ ಬೂಟಿನಲ್ಲೇ ಓಡಿ ಬಂದ. ಮಗುವನ್ನು ನೋಡಿದ, ಕೈಗೆ ಕಟ್ಟಿದ ಕೊಳವೆ ನೋಡಿದ, ಹೆಂಡತಿಯ ಹತ್ತಿರ ಕೂತ. ಬೈಯಲಿಲ್ಲ. "ನಂಗೂ ಸುಳ್ಳು ಹೇಳಿದ್ಯಲ್ಲೇ," ಅಂದ. ಅವಳ ಕೈ ಹಿಡಿದುಕೊಂಡೇ ಅಂದ. ಮಾರಿತ್‌ಗೆ ಆ ಕೈಯನ್ನು ಬಿಡಿಸಿಕೊಳ್ಳುವ ಧೈರ್ಯವೂ ಆಗಲಿಲ್ಲ, ಹಿಡಿಯುವ ಧೈರ್ಯವೂ ಆಗಲಿಲ್ಲ.

ಶನಿವಾರ ಮನೆಗೆ ಬಂದರು. ಮೊದಲು ಎದೆ, ಆಮೇಲೆ ಬಾಟಲಿ ಎಂದು ಡಾಕ್ಟರು ಗೊತ್ತು ಮಾಡಿಕೊಟ್ಟಿದ್ದರು. ಡಾರ್ಲಾಳ ಪಾತ್ರೆ ಅಡುಗೆಮನೆಯಲ್ಲಿ ಹಾಗೆಯೇ ಕೂತಿತ್ತು, ಒಳಗಿನ ಅಡುಗೆ ತಿನ್ನುವವರಿಲ್ಲದೆ ಕೆಟ್ಟುಹೋಗಿತ್ತು. ಮಾರಿತ್ ಅದನ್ನು ಕಸಕ್ಕೆ ಸುರಿದು ಪಾತ್ರೆಯನ್ನು ಮೂರು ಸಲ ತೊಳೆದಳು. ಒಳಗೆ ಏನು ಹಾಕಿ ಕೊಡುವುದು? ಬಿಸ್ಕತ್ತು ಮಾಡಲು ಹಿಟ್ಟು ಅಳೆದು, ಮತ್ತೆ ಡಬ್ಬಕ್ಕೆ ಸುರಿದಳು. ಜನವರಿಯಲ್ಲಿ ಮಾಡಿದ್ದಕ್ಕೆ ಬಿಸ್ಕತ್ತು ಕೊಡುವುದೇ! ಸೋಮವಾರದವರೆಗೂ ಅದು ಖಾಲಿಯಾಗಿಯೇ ಕಟ್ಟೆಯ ಮೇಲಿತ್ತು.

ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಹದಿನಾಲ್ಕು ಹೆಂಗಸರು, ಕಾಫಿ ಹಂಡೆ, ಗುಲಾಬಿ ಕೇಕು. ಬಾಗಿಲ ಬಳಿ ರಟ್ಟಿನ ಪೆಟ್ಟಿಗೆಯನ್ನು ಯಾರೋ ಮರೆಯದೆ ಇಟ್ಟಿದ್ದರು. ಮಾರಿತ್ ಮಗುವನ್ನೂ ಡಾರ್ಲಾಳ ಪಾತ್ರೆಯನ್ನೂ ಹಿಡಿದು ಇಳಿದು ಬಂದಾಗ ತುಂಬು ಬಸುರಿಯೊಬ್ಬಳು ತನ್ನ ಡಬ್ಬಿ ಹಿಡಿದು ಪೆನ್ನು ಕೇಳುತ್ತಿದ್ದಳು. ಉಳಿದವರು ಕಪ್ಪು ಕೆಳಗಿಟ್ಟು ಚಪ್ಪಾಳೆಗೆ ಕೈ ಸಿದ್ಧ ಮಾಡಿಕೊಂಡಿದ್ದರು. ಮಾರಿತ್‌ಳ ಹಿಂದೆ ಲೈಲ್ ಮನೆಯಲ್ಲಿದ್ದ ಡಬ್ಬಿಗಳನ್ನೆಲ್ಲ ತುಂಬಿದ ಎರಡು ಭಾರದ ಪೆಟ್ಟಿಗೆಗಳನ್ನು ಹೊತ್ತು ತಂದು ನೆಲಕ್ಕಿಟ್ಟು, ಟೋಪಿ ಸರಿಮಾಡಿಕೊಂಡು ಮೇಲೆ ಹೋದ.

"ಒಂದು ನಿಮಿಷ," ಮಾರಿತ್ ಬಸುರಿಗೆ ಹೇಳಿದಳು. "ಬರೀಬೇಡ ಕಣಮ್ಮ. ಇಟ್ಕೊ."

ಅವಳು ಯಾವಾಗಲೂ ನಿಂತೇ ಮಾತಾಡುವವಳು. ಅವತ್ತು ಕುರ್ಚಿ ಎಳೆದುಕೊಂಡು ಕೂತಳು. ಮಗುವಿನ ತೂಕ ಎಷ್ಟಿತ್ತು, ತಾನು ಎಷ್ಟು ಹೇಳಿದ್ದೆ ಎಂದು ಹೇಳಿದಳು. ಆಮೇಲೆ ತಡೆದಳು.

"ಹೋದ ಜನವರೀಲಿ ಡಾರ್ಲಾ ನಮ್ಮನೆಗೆ ಬಂದಿದ್ಲು," ಅಂದಳು. "ಹಿಮದಲ್ಲಿ ನಡ್ಕೊಂಡು. ಮಗು ಏಳ್ತಿಲ್ಲ, ನನ್ನ ಡಬ್ಬಿ ಕೊಡಿ ಅಂತ ಕೇಳಿದ್ಲು. ನಾನು ಕೊಡ್ಲಿಲ್ಲ. ಬಾಗಿಲು ಹಾಕ್ಕೊಂಡೆ. ಆಮೇಲೆ ನಿಮ್ಮ ಹತ್ರ, ಅವಳು ಬರ್ಲೇ ಇಲ್ಲ ಅನ್ನೋ ಹಾಗೆ ಮಾತಾಡಿದೆ."

ಮುಂದಿನ ಸಾಲಿನ ವೆಂಡಿ ಎಂಬವಳು, ಮೊಲೆ ಹುಣ್ಣಾಗಿ ರಕ್ತ ಬಂದರೂ ಮಾರಿತ್‌ಳ ಭಯಕ್ಕೆ ಹಾಲೂಡಿಸಿದವಳು, ಎದ್ದು ಲೈಲ್ ತಂದ ಪೆಟ್ಟಿಗೆಯಲ್ಲಿ ಕೈಯಾಡಿಸಿ ತನ್ನ ಹೆಸರಿನ ಡಬ್ಬಿ ಹುಡುಕಿದಳು. ಸಿಕ್ಕಿತು. ಅದನ್ನು ಮಾರಿತ್‌ಳ ಮುಂದಿನ ಮೇಜಿನ ಮೇಲೆ ಕುಟ್ಟಿ ಇಟ್ಟು, ಕೋಟು ತೆಗೆದುಕೊಂಡು ಹೊರಟುಹೋದಳು. ಮಾರಿತ್ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಸುಲಭವಾಗುತ್ತಿತ್ತು.

ಆಗ ಸಿಗ್ನೆ ಎದ್ದಳು. ಎದ್ದವಳೇ ಕಿರುಚಿದಳು. ಮುಷ್ಟಿ ಕಟ್ಟಿ, ಮುಖ ಕೆಂಪು ಮಾಡಿಕೊಂಡು, ಚರ್ಚಿನ ಚಾವಣಿಗೆ ಕೇಳುವ ಹಾಗೆ ಕಿರುಚಿದಳು. ಮಾರಿತ್ ಚೀಲದಿಂದ ಬಾಟಲಿ ತೆಗೆದಳು, ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಕೊನೆಯ ಅಕ್ಷರ ಮಾಸಿದ ಡಾರ್ಲಾಳ ಹೆಸರು ಎಲ್ಲರ ಕಡೆಗಿತ್ತು. ಚಮಚ ತಳ ಕೆರೆಯಿತು. ಕೊನೆಯದು. ಕಲಸಿ, ಅಲ್ಲಾಡಿಸಿ, ಹದಿಮೂರು ಹೆಂಗಸರ ಎದುರಿಗೆ ಮಗುವಿನ ಬಾಯಿಗೆ ಇಟ್ಟಳು. ಗುಟುಕು ಗುಟುಕಾಗಿ ನುಂಗುವ ಸದ್ದು ಕೊನೆಯ ಕುರ್ಚಿಯವರಿಗೂ ಕೇಳಿಸುತ್ತಿತ್ತು. ಅವಳ ಕೆನ್ನೆ ಉರಿಯುತ್ತಿತ್ತು.

ಮೆಟ್ಟಿಲ ಬುಡದಲ್ಲಿ ಡಾರ್ಲಾ ನಿಂತಿದ್ದಳು. ಪಾತ್ರೆ ತೆಗೆದುಕೊಂಡು ಹೋಗು ಎಂದು ಆರ್ಡಿಸ್ ಹೇಳಿ ಕಳಿಸಿದ್ದಳಂತೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಯಾರಿಗೂ ಗೊತ್ತಿಲ್ಲ. ಹೆಂಗಸರು ತಿರುಗಿ ನೋಡಿದರು. ಒಬ್ಬಳು ಪಕ್ಕದ ಕುರ್ಚಿಯ ಮೇಲಿನ ಚೀಲ ತೆಗೆದು ಜಾಗ ಮಾಡಿದಳು. ಡಾರ್ಲಾ ಕೂರಲಿಲ್ಲ. ಮೇಜಿನ ಬಳಿಗೆ ಬಂದು ಅಲ್ಲಿದ್ದ ತನ್ನ ಗಾಜಿನ ಪಾತ್ರೆಯ ಮುಚ್ಚಳ ಎತ್ತಿ ಒಳಗೆ ನೋಡಿದಳು.

"ಖಾಲಿ ಇದೆ," ಮಾರಿತ್ ಅಂದಳು. "ಏನು ಹಾಕ್ಬೇಕೋ ಗೊತ್ತಾಗ್ಲಿಲ್ಲ."

ಡಾರ್ಲಾ ಮಗುವನ್ನು ನೋಡಿದಳು. ಅದರ ತೊಡೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಆಮೇಲೆ ಕೈ ಚಾಚಿದಳು.

"ನನ್ನ ಡಬ್ಬಿ ಕೊಡಿ, ನರ್ಸಮ್ಮ."

"ಅದೂ ಮುಗಿದಿದೆ ಕಣಮ್ಮ."

"ಗೊತ್ತು. ಕೊಡಿ."

ಮಾರಿತ್ ಒಂದು ಕೈಯಲ್ಲಿ ಬಾಟಲಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಡಬ್ಬಿಯನ್ನು ಎತ್ತಿ ಕೊಟ್ಟಳು. ಡಾರ್ಲಾ ಅದನ್ನು ಪಾತ್ರೆಯೊಳಗೆ ಮಲಗಿಸಿದಳು, ಕೂರದ ಮುಚ್ಚಳವನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು. ಮೆಟ್ಟಿಲು ಹತ್ತುವಾಗ ಡಬ್ಬಿ ಗಾಜಿಗೆ ತಾಗಿ ಟಣ್ ಟಣ್ ಎನ್ನುತ್ತಿತ್ತು. ಮೇಲಿನ ಬಾಗಿಲು ಮುಚ್ಚುವವರೆಗೂ ಅದು ಕೇಳಿಸುತ್ತಲೇ ಇತ್ತು.